ತುಂಗಭದ್ರೆಯ ಪಿನ್‌ಬಾಲ್: ಪರದೆಯ ಮೇಲೆ ಏನು ತೋರಿಸಬೇಕು?

ಮುನಿರಾಬಾದ್ ಫಿಟ್ಟರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಒಂದು ಪಿನ್‌ಬಾಲ್ ಯಂತ್ರ ಕಟ್ಟುತ್ತಿದ್ದೇನೆ, ಗಾಜಿನಡಿಯ ಇಳಿಜಾರು ಹಲಗೆಯ ಮೇಲೆ ಗುಂಡು ಹೊಡೆದು ಅಂಕ ಗಳಿಸುವ ಆಟ. ಮರಗೆಲಸ ಮುಗಿದಿದೆ, ವೈರಿಂಗ್ ಮುಗಿದಿದೆ, ಗುಂಡು ಓಡುತ್ತದೆ, ಅದನ್ನು ಮೇಲಕ್ಕೆ ತಳ್ಳುವ ಫ್ಲಿಪ್ಪರ್ ಸರಿಯಾಗಿ ಹೊಡೆಯುತ್ತದೆ. ಪರದೆಯ ಹತ್ತಿರ ಬಂದು ಕೆಲಸ ನಿಂತಿದೆ.

ಆಟದ ವಿಷಯ ನಮ್ಮ ಅಣೆಕಟ್ಟು. ಅದರ ಪಕ್ಕದಲ್ಲೇ ಬೆಳೆದವನಿಗೆ ಬೇರೇನು ಹೊಳೆದೀತು? ಗುಂಡು ಓಡುವ ಹಲಗೆಯ, ಅಂದರೆ ಪ್ಲೇಫೀಲ್ಡಿನ ಮೇಲ್ಭಾಗದಲ್ಲಿ 33 ಕ್ರಸ್ಟ್ ಗೇಟುಗಳಿಗೆ 33 ಎಲ್‌ಇಡಿ ದೀಪಗಳ ಸಾಲು. ಬಲಗಡೆಯ ರ‍್ಯಾಂಪ್ ಎಡದಂಡೆ ಕಾಲುವೆ, ಎಡಗಡೆಯದು ಬಲದಂಡೆ ಕಾಲುವೆ. ತಿರುವುಮುರುವಾಗಿದೆ ಎಂದು ನೋಡಲು ಬಂದವರೆಲ್ಲ ತಿದ್ದುತ್ತಾರೆ. ಹೊಳೆಯ ಕೆಳಗಡೆಯಿಂದ ಅಣೆಕಟ್ಟಿಗೆ ಮುಖ ಮಾಡಿ ನಿಂತವನಿಗೆ ಹಾಗೆಯೇ ಕಾಣುವುದು ಎಂದು ಒಬ್ಬೊಬ್ಬರಿಗೂ ಹೇಳಬೇಕಾಗಿದೆ. ಗುಂಡು ತಾಗಿದರೆ ಒದ್ದು ಕಳಿಸುವ ಮೇಲಿನ ಮೂರು ಬಂಪರ್‌ಗಳು ಮಲೆನಾಡಿನ ಮಳೆ. ಗುಂಡು ಅಲ್ಲಿ ಬಡಿದಾಡಿದಷ್ಟೂ ನೀರಿನ ಮಟ್ಟ ಏರುತ್ತದೆ. ಕಾಲುವೆಗೆ ಹೊಡೆದರೆ ಅಂಕ ಸಿಗುತ್ತದೆ, ಆದರೆ ಮಟ್ಟ ಇಳಿಯುತ್ತದೆ. ಆಟ 1,613 ಅಡಿಯಿಂದ ಆರಂಭವಾಗುತ್ತದೆ. 1,633 ಅಡಿ ಮುಟ್ಟಿದರೆ ಜಲಾಶಯ ಭರ್ತಿ. ಆಗ ನಡುವಿನ ಗುಣಿಯೊಳಗೆ ಗುಂಡನ್ನು ಕೂರಿಸಿದರೆ ಗೇಟುಗಳು ತೆರೆದು ಮೂರು ಗುಂಡುಗಳು ಒಟ್ಟಿಗೆ ಬರುತ್ತವೆ.

ಮುಚ್ಚಿಹೋದ ಒಂದು ಕಂಪ್ಯೂಟರ್ ಸೆಂಟರ್‌ನಿಂದ ತಂದ 24 ಇಂಚಿನ ಮಾನಿಟರ್ ಯಂತ್ರದ ಹಿಂತುದಿಯಲ್ಲಿ ಎದ್ದು ನಿಂತ ಬ್ಯಾಕ್‌ಬಾಕ್ಸಿನಲ್ಲಿದೆ. ಒಳಗೆ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್, ಓಪನ್ ಪಿನ್‌ಬಾಲ್ ಪ್ರಾಜೆಕ್ಟ್‌ನ ಬೋರ್ಡುಗಳು, ನಡೆಸುವುದು ಮಿಷನ್ ಪಿನ್‌ಬಾಲ್ ಫ್ರೇಮ್‌ವರ್ಕ್ ಎಂಬ ಸಾಫ್ಟ್‌ವೇರ್. ಮಳೆಗಾಲದಲ್ಲಿ ಗೇಟು ತೆರೆದಾಗಲೆಲ್ಲ ಮೊಬೈಲಿನಲ್ಲಿ ತೆಗೆದ ವಿಡಿಯೊಗಳು ಬೇಕಾದಷ್ಟಿವೆ. ಅವುಗಳನ್ನು ಕತ್ತರಿಸಿ ಪ್ರತಿಯೊಂದು ಹೊಡೆತಕ್ಕೂ ಒಂದೊಂದು ಜೋಡಿಸಿದ್ದೇನೆ. ನೋಡಲು ಚೆಂದ. ಆದರೆ ಆಡುವವರು ನೋಡುವುದೇ ಇಲ್ಲ. ನೋಡಿದವರು ಗುಂಡು ಕಳೆದುಕೊಳ್ಳುತ್ತಾರೆ. ವಿಡಿಯೊ ಓಡುವಾಗ ಸ್ಕೋರ್ ಕಾಣುವುದಿಲ್ಲ ಎಂಬ ದೂರು ಬೇರೆ. ಓಣಿಯ ಹುಡುಗರಿಗಂತೂ ಪರದೆ ಇರುವುದೇ ಗೊತ್ತಿಲ್ಲದಂತಿದೆ.

ಇಷ್ಟು ದೊಡ್ಡ ಪರದೆ ಬೇಕೇ? ಬೇಕಾದರೆ ಅದರ ಮೇಲೆ ಏನಿರಬೇಕು? ಅನುಭವ ಇರುವವರು ತಿಳಿಸಿ.

ರಾಯಚೂರು ಚುಕ್ಕಿ:

ಮಾನಿಟರ್ ತೆಗೆದುಬಿಡಿ ಎಂಬುದೇ ನನ್ನ ಸಲಹೆ. ಪಿನ್‌ಬಾಲ್ ಎಂದರೆ ಕಿತ್ತಳೆ ಬಣ್ಣದ ಚುಕ್ಕಿಗಳು. 1991ರಲ್ಲಿ ಡೇಟಾ ಈಸ್ಟ್ ಕಂಪನಿ ಚೆಕ್‌ಪಾಯಿಂಟ್ ಯಂತ್ರದಲ್ಲಿ ಚುಕ್ಕಿ ಪರದೆ ತಂದಿತು, ಅದು ಬರೀ 16 ಸಾಲಿನದು. ಅದೇ ವರ್ಷ ವಿಲಿಯಮ್ಸ್ ಕಂಪನಿ ಟರ್ಮಿನೇಟರ್ 2 ಯಂತ್ರಕ್ಕೆ 128 ಅಡ್ಡ, 32 ಉದ್ದ ಚುಕ್ಕಿಗಳ ಪರದೆ ಹಾಕಿತು. ಲೆಕ್ಕ ಹಾಕಿ, ಒಟ್ಟು 4,096 ಚುಕ್ಕಿ. ಮುಂದಿನ ವರ್ಷ ಬಂದ ಆ್ಯಡಮ್ಸ್ ಫ್ಯಾಮಿಲಿ ಇದೇ ಅಳತೆಯ ಪರದೆಯೊಂದಿಗೆ 20,270 ಯಂತ್ರಗಳಷ್ಟು ಮಾರಾಟವಾಯಿತು. ಯಾರಿಗೂ 24 ಇಂಚು ಬೇಕಾಗಿರಲಿಲ್ಲ.

ರಾಯಚೂರಿನಲ್ಲಿ ಯಾವ ಮೆಡಿಕಲ್ ಶಾಪಿನ ಮುಂದೆ ನಿಂತರೂ ಅಕ್ಷರ ಓಡುವ ಬೋರ್ಡ್ ಕಾಣುತ್ತದೆ. ಅದರ ಪಿ10 ಪ್ಯಾನೆಲ್‌ಗಳನ್ನೇ ಜೋಡಿಸಿ. ಅಗ್ಗ, ಕೆಟ್ಟರೆ ಊರಲ್ಲೇ ಸಿಗುತ್ತದೆ.

ಬಳ್ಳಾರಿ ಎಲ್‌ಇಡಿ ಅಕ್ಕ:

ರಾಯಚೂರು ತಮ್ಮನ ಉತ್ಸಾಹಕ್ಕೆ ನಮಸ್ಕಾರ, ಆದರೆ ಟೇಪು ಹಿಡಿದು ನೋಡಬೇಕಪ್ಪಾ. ಪಿ10 ಪ್ಯಾನೆಲ್ ಒಂದರಲ್ಲಿ 32 ಅಡ್ಡ, 16 ಉದ್ದ ಚುಕ್ಕಿಗಳು. ಅಳತೆ 320 ಮಿಲಿಮೀಟರ್‌ಗೆ 160. ನೀನು ಹೇಳುವ 128ಕ್ಕೆ 32 ಬೇಕೆಂದರೆ ಎಂಟು ಪ್ಯಾನೆಲ್ ಬೇಕು, ಅಗಲ 128 ಸೆಂಟಿಮೀಟರ್ ಆಗುತ್ತದೆ. ಫಿಟ್ಟರ್ ಅಣ್ಣ ಮನೆ ಬಾಗಿಲು ಒಡೆಸಬೇಕಾದೀತು. ಅಷ್ಟು ಹತ್ತಿರ ನಿಂತವನಿಗೆ 10 ಮಿಲಿಮೀಟರ್ ಅಂತರದ ಚುಕ್ಕಿಗಳು ಅಕ್ಷರವಾಗಿ ಕಾಣುವುದೂ ಕಷ್ಟ. ಚುಕ್ಕಿ ಪರದೆಯೇ ಬೇಕೆಂದರೆ ಪಿ2.5 ಬಣ್ಣದ ಪ್ಯಾನೆಲ್ ತೆಗೆದುಕೊಳ್ಳಿ. ಒಂದರಲ್ಲಿ 64ಕ್ಕೆ 32, ಎರಡನ್ನು ಪಕ್ಕಪಕ್ಕ ಇಟ್ಟರೆ 128ಕ್ಕೆ 32, ಅಗಲ 32 ಸೆಂಟಿಮೀಟರ್, ಎತ್ತರ 8. ಬ್ಯಾಕ್‌ಬಾಕ್ಸಿನಲ್ಲಿ ನೀಟಾಗಿ ಕೂರುತ್ತದೆ.

ಆದರೆ ಅಣ್ಣಾ, ನಿಮ್ಮ ತೊಂದರೆ ಪರದೆಯ ಗಾತ್ರದ್ದಲ್ಲ. ನಾನು ಬಳ್ಳಾರಿಯಲ್ಲಿ ಮದುವೆ, ಜಾತ್ರೆಗಳ ಎಲ್‌ಇಡಿ ಗೋಡೆಗೆ ವಿಡಿಯೊ ಮಾಡಿಕೊಡುವವಳು. ಅಲ್ಲಿ ಜನ ಊಟಕ್ಕೆ ಕರೆಯುವವರೆಗೂ ಕುರ್ಚಿಯಲ್ಲಿ ಕುಳಿತಿರುತ್ತಾರೆ, ಏನು ಹಾಕಿದರೂ ನೋಡುತ್ತಾರೆ. ಮನೆಯಲ್ಲಿ ಮೈದುನನ ಜೊತೆ ಸೇರಿ ಕಟ್ಟಿದ ಪಿನ್‌ಬಾಲ್ ಯಂತ್ರದಲ್ಲಿ ಆ ವಿದ್ಯೆಯೆಲ್ಲ ಪಕ್ಕಕ್ಕಿಡಬೇಕಾಯಿತು. ಪಿನ್‌ಬಾಲ್ ಆಡುವವನ ಕಣ್ಣು ಗುಂಡಿಗೆ ಅಂಟಿರುತ್ತದೆ. ಗುಂಡು ಬಿಡುವು ಕೊಟ್ಟಾಗ ಮಾತ್ರ ಕಣ್ಣು ಮೇಲೇಳುತ್ತದೆ. ಪರದೆಗೆ ಸಿಗುವ ಸಮಯ ಅಷ್ಟೇ, ಅದರಾಚೆಗೆ ನೀವು ಏನು ಓಡಿಸಿದರೂ ಕರೆಂಟ್ ಖರ್ಚು.

ಒಂದು ಪರೀಕ್ಷೆ ಮಾಡಿ. ಗಾಜಿನ ಮೇಲ್ತುದಿಯಲ್ಲಿ, ಬ್ಯಾಕ್‌ಬಾಕ್ಸಿಗೆ ಒರಗಿಸಿ ಮೊಬೈಲ್ ನಿಲ್ಲಿಸಿ. ಮುಂದಿನ ಕ್ಯಾಮೆರಾ ಆಡುವವನ ಮುಖದ ಕಡೆ ಇರಲಿ. ಓಣಿಯ ಹುಡುಗರನ್ನು ಕರೆದು ಆಡಲು ಬಿಡಿ, ಯಾಕೆ ಎಂದು ಹೇಳಬೇಡಿ. ಆಮೇಲೆ ಕೂತು ಅವರ ಕಣ್ಣುಗುಡ್ಡೆಗಳನ್ನು ಮಾತ್ರ ನೋಡಿ. ಎಡ, ಬಲ, ಎಡ, ಕೆಳಗೆ, ಹೀಗೆ ಗುಂಡಿನ ಹಿಂದೆಯೇ ಓಡುತ್ತಿರುತ್ತವೆ. ರೆಪ್ಪೆ ಮೇಲೆತ್ತಿ ಪರದೆ ನೋಡಿದ ಕಡೆಯೆಲ್ಲ ವಿಡಿಯೊ ನಿಲ್ಲಿಸಿ, ಆಗ ಗುಂಡು ಎಲ್ಲಿತ್ತು ಎಂದು ಬರೆದುಕೊಳ್ಳಿ. ನನ್ನ ಯಂತ್ರದಲ್ಲಿ ಕಂಡದ್ದು ಇಷ್ಟು: ಗುಂಡನ್ನು ಆಟಕ್ಕೆ ಚಿಮ್ಮಿಸುವ ಪ್ಲಂಜರ್ ಎಳೆಯುವ ಮುಂಚೆ, ಗುಂಡು ಗುಣಿಯಲ್ಲಿ ಕೂತಾಗ, ಗುಂಡು ಕೆಳಗೆ ಜಾರಿ ಹೋದ ಮೇಲೆ. ಚೆನ್ನಾಗಿ ಆಡುವವರಲ್ಲಿ ಇನ್ನೊಂದು ಸಿಗುತ್ತದೆ. ಅವರು ಫ್ಲಿಪ್ಪರ್ ಎತ್ತಿ ಹಿಡಿದು ಅದರ ಬುಡದಲ್ಲಿ ಗುಂಡನ್ನು ನಿಲ್ಲಿಸಿಕೊಂಡು, ಮುಂದೆ ಯಾವುದಕ್ಕೆ ಹೊಡೆಯಬೇಕು ಎಂದು ಒಂದೇ ಕ್ಷಣ ತಲೆ ಎತ್ತುತ್ತಾರೆ.

ಈಗ ನಿಮ್ಮ ಪರದೆಯನ್ನು ಈ ಬಿಡುವುಗಳಿಗೆ ಹಂಚಿ.

ಪ್ಲಂಜರ್ ಬಳಿ ಬಿಡುವು ಎಲ್ಲಕ್ಕಿಂತ ಉದ್ದ, ಆಡುವವನೇ ಅದರ ಯಜಮಾನ. ಮೊದಲ ಹೊಡೆತ ಯಾವ ಬಂಪರ್‌ಗೆ ಬಿದ್ದರೆ ಹೆಚ್ಚು ಅಂಕ ಎಂಬುದನ್ನು ಅಲ್ಲಿ ತೋರಿಸಿ. ಗುಂಡು ಹೋದ ಮೇಲೆ ಬೋನಸ್ ಎಣಿಕೆ. ಎರಡೂ ಫ್ಲಿಪ್ಪರ್ ಗುಂಡಿ ಒಟ್ಟಿಗೆ ಒತ್ತಿದರೆ ಎಣಿಕೆ ಹಾರಿಹೋಗುವಂತೆ ಇರಲಿ, ಇಲ್ಲದಿದ್ದರೆ ಹುಡುಗರು ಯಂತ್ರವನ್ನು ಗುದ್ದುತ್ತಾರೆ. ಬಂಪರ್‌ಗಳ ನಡುವೆ ಗುಂಡು ಬಡಿದಾಡುವಾಗ ಬಿಡುವು ಇದೆ ಎನಿಸುತ್ತದೆ, ನಂಬಬೇಡಿ. ಅದು ಯಾವಾಗ ಹೊರಗೆ ನುಗ್ಗುತ್ತದೋ ಯಾರಿಗೂ ಗೊತ್ತಿರುವುದಿಲ್ಲ. ಅಲ್ಲಿ ಏರುವ ಮಟ್ಟದ ಸಂಖ್ಯೆ ಒಂದೇ ಸಾಕು.

ದೊಡ್ಡ ವಿಡಿಯೊಗೆ ಜಾಗ ಒಂದೇ: ಜಲಾಶಯ ಭರ್ತಿಯಾಗಿ ಗುಂಡು ಗುಣಿಯಲ್ಲಿ ಕೂತ ಗಳಿಗೆ. ಗುಂಡು ನಿಮ್ಮ ಕೈಯಲ್ಲಿದೆ, ನೀವು ಬಿಡುವವರೆಗೂ ಅವನು ನೋಡಲೇಬೇಕು. ಆದರೂ ಮೂರು ನಾಲ್ಕು ಸೆಕೆಂಡಿಗಿಂತ ಹೆಚ್ಚು ಹಿಡಿದಿಡಬೇಡಿ. ಮದುವೆ ವಿಡಿಯೊದ ಹಾಗೆ ಕತ್ತಲಿನಿಂದ ನಿಧಾನವಾಗಿ ಬೆಳಗಿಸುವುದು ಬೇಡ. ಮೊದಲ ಚಿತ್ರದಲ್ಲೇ ಗೇಟು ಎದ್ದಿರಬೇಕು, ನೀರು ಧುಮುಕುತ್ತಿರಬೇಕು. ವಿಡಿಯೊ ಮುಗಿಯುವುದಕ್ಕೆ ಸ್ವಲ್ಪ ಮುಂಚೆ ಒಂದು ಸದ್ದು ಬರಲಿ, ಆಮೇಲೆ ಗುಂಡು ಒದೆಯಲಿ. ಆ ಸದ್ದು ಇಲ್ಲದಿದ್ದರೆ ಅವನು ಇನ್ನೂ ಪರದೆ ನೋಡುತ್ತಿರುವಾಗಲೇ ಗುಂಡು ಫ್ಲಿಪ್ಪರ್ ನಡುವಿನಿಂದ ಹೋಗಿಬಿಡುತ್ತದೆ, ನಿಮ್ಮ ಹುಡುಗರು ಕಳೆದುಕೊಳ್ಳುತ್ತಿರುವುದು ಬಹುಶಃ ಅಲ್ಲೇ. ನೀರು ಬಿಡುವ ಮುಂಚೆ ನದಿಪಾತ್ರದ ಜನರನ್ನು ಎಚ್ಚರಿಸುವುದು ನಿಮ್ಮೂರಿನಲ್ಲಿ ಇದ್ದದ್ದೇ ಅಲ್ಲವೇ? ಗಟ್ಟಿ ದನಿಯ ಯಾರಾದರೂ ಹಿರಿಯರಿಂದ ‘ನದಿಪಾತ್ರದವರೇ, ಎಚ್ಚರ!’ ಎಂದು ಹೇಳಿಸಿ ರೆಕಾರ್ಡ್ ಮಾಡಿಕೊಳ್ಳಿ. ಕಿವಿಗೆ ಬಿಡುವು ಬೇಕಾಗಿಲ್ಲ. ಏನು ಮಾಡಬೇಕು ಎಂಬ ಸೂಚನೆಗಳನ್ನೆಲ್ಲ ಕಿವಿಗೆ ಕೊಡಿ, ಪರದೆಗೆ ಬೇಡ.

ಜಾಕ್‌ಪಾಟ್ ಬಂದಾಗಿನ ತುಣುಕು ಒಂದೂವರೆ ಸೆಕೆಂಡ್ ಸಾಕು. ಒಂದೇ ತುಣುಕು ಹತ್ತು ಸಲ ಬಂದರೆ ಬೇಸರ, ಆದ್ದರಿಂದ ನಾಲ್ಕೈದು ಇಟ್ಟುಕೊಂಡು ಬೆನ್ನುಬೆನ್ನಿಗೆ ಅದೇ ಬಾರದಂತೆ ನೋಡಿಕೊಳ್ಳಿ.

ಸ್ಕೋರ್ ವಿಷಯ. ನಿಮ್ಮ ವಿಡಿಯೊಗಳಲ್ಲಿ ಇರುವುದೆಲ್ಲ ಬಿಳಿ ನೊರೆ. ಬಿಳಿ ಅಂಕಿ ಹಾಕಿದರೆ ನೊರೆಯಲ್ಲಿ ಕರಗುತ್ತದೆ, ಕಪ್ಪು ಹಾಕಿದರೆ ಗೇಟಿನ ನೆರಳಿನಲ್ಲಿ ಮುಳುಗುತ್ತದೆ. ಅಂಕಿಗೆ ನೆರಳು, ಅಂಚು ಎಂದು ಅಲಂಕಾರ ಮಾಡುತ್ತಾ ಕೂರಬೇಡಿ. ಪರದೆಯ ಕೆಳಗಿನ ಕಾಲು ಭಾಗವನ್ನು ಕಡುಬಣ್ಣದ ಒಂದು ಪಟ್ಟಿಯಾಗಿ ಬಿಟ್ಟುಬಿಡಿ, ಯಾವ ವಿಡಿಯೊ ಬಂದರೂ ಅದರೊಳಗೆ ಕಾಲಿಡಬಾರದು. ಕೆಳಗೇ ಯಾಕೆ ಎಂದರೆ ಪ್ಲೇಫೀಲ್ಡಿನಿಂದ ಏರುವ ಕಣ್ಣಿಗೆ ಮೊದಲು ಸಿಗುವುದು ಆ ಅಂಚು.

ಪಟ್ಟಿಯಲ್ಲಿ ಏನಿರಬೇಕು ಎಂಬುದನ್ನು ಮಳೆಗಾಲದ ಪತ್ರಿಕೆ ನಿಮಗೆ ಆಗಲೇ ಹೇಳಿಕೊಟ್ಟಿದೆ. ದಿನವೂ ಬರುವ ಆ ಚಿಕ್ಕ ಚೌಕ ನೆನಪಿದೆಯಲ್ಲ: ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ನಮ್ಮ ಕಡೆಯ ರೈತ ಪತ್ರಿಕೆ ಕೈಗೆತ್ತಿಕೊಂಡರೆ ಮೊದಲು ಹುಡುಕುವುದು ಅದನ್ನೇ. ಓದುವುದನ್ನು ಹೊಸದಾಗಿ ಕಲಿಸಬೇಕಿಲ್ಲ. ಎಡಗಡೆ ಇಂದಿನ ಮಟ್ಟ ದೊಡ್ಡದಾಗಿ, ಬಲಗಡೆ ಸ್ಕೋರ್ ಅದಕ್ಕಿಂತ ದೊಡ್ಡದಾಗಿ, ನಡುವೆ ಒಂದೇ ಸಾಲು ‘ಮುಂದೇನು’. ಮಟ್ಟ ಏರಿಸಬೇಕೋ ಕಾಲುವೆಗೆ ಬಿಟ್ಟು ಅಂಕ ಬಾಚಬೇಕೋ ಎಂಬುದೇ ನಿಮ್ಮ ಆಟದ ಜೀವ. ನನಗೆ ತುಂಬ ಹಿಡಿಸಿತು. ಆ ತೀರ್ಮಾನಕ್ಕೆ ಬೇಕಾದ ಸಂಖ್ಯೆಯನ್ನೇ ವಿಡಿಯೊ ಹಿಂದೆ ಬಚ್ಚಿಟ್ಟಿದ್ದೀರಲ್ಲ ಅಣ್ಣಾ!

ಮೂರು ಗುಂಡು ಒಟ್ಟಿಗೆ ಓಡುವಾಗ ಘಟನೆಗಳೂ ಒಟ್ಟಿಗೆ ಬೀಳುತ್ತವೆ. ನಿಮ್ಮ ಫ್ರೇಮ್‌ವರ್ಕಿನಲ್ಲಿ ಪ್ರತಿ ಮೋಡ್‌ಗೂ, ಅಂದರೆ ಆಟದ ಪ್ರತಿ ಭಾಗಕ್ಕೂ, ಆದ್ಯತೆಯ ಸಂಖ್ಯೆ ಕೊಡಬಹುದು, ಹೆಚ್ಚಿನ ಸಂಖ್ಯೆಯ ಸ್ಲೈಡ್ (ಪರದೆ ತುಂಬುವ ಪುಟ) ಮೇಲೆ ಬರುತ್ತದೆ. ಯಂತ್ರವನ್ನು ಅಲುಗಾಡಿಸಿದಾಗ ಬರುವ ಟಿಲ್ಟ್ ಎಲ್ಲಕ್ಕಿಂತ ಮೇಲಿರಲಿ. ಬಂಪರ್, ಸಣ್ಣ ಗುರಿ ಇವಕ್ಕೆ ಸ್ಲೈಡನ್ನೇ ಕೊಡಬೇಡಿ, ಇರುವ ಸ್ಲೈಡಿನ ಮೇಲೆ ಒಂದು ವಿಜೆಟ್, ಅಂದರೆ ಚಿಕ್ಕ ಚಿತ್ರವೋ ಅಂಕಿಯೋ, ಮಿಂಚಿ ಹೋದರೆ ಆಯಿತು.

ಇನ್ನೂ ಒಂದು. ಸಂಜೆ ಕೋಣೆಯ ದೀಪ ಆರಿಸಿ, ಆಡುವವನ ಜಾಗದಲ್ಲಿ ನಿಂತು ಗಾಜನ್ನು ನೋಡಿ. ಮಾನಿಟರಿನ ಬಿಳಿ ನೊರೆ ಪ್ಲೇಫೀಲ್ಡಿನ ಗಾಜಿನ ಮೇಲೆ ತಲೆಕೆಳಗಾಗಿ ಬಿದ್ದಿರುತ್ತದೆ. ಅದರಡಿಯಲ್ಲಿ ಓಡುವ ಗುಂಡು ಹೇಗೆ ಕಂಡೀತು? ಆಟ ನಡೆಯುವಾಗಿನ ಹಿನ್ನೆಲೆ ರಾತ್ರಿಯ ಅಣೆಕಟ್ಟಿನದಾಗಿರಲಿ, ಮಾನಿಟರಿನ ಬೆಳಕನ್ನೂ ತಗ್ಗಿಸಿ. ವಿಲಿಯಮ್ಸ್‌ನವರು ಈ ಪ್ರತಿಬಿಂಬವನ್ನೇ ಕೆಲಸಕ್ಕೆ ಹಚ್ಚಿದ್ದರು. 1999ರ ಪಿನ್‌ಬಾಲ್ 2000 ಯಂತ್ರಗಳಲ್ಲಿ ಮಾನಿಟರಿನ ಚಿತ್ರ ಗಾಜಿನಲ್ಲಿ ಪ್ರತಿಫಲಿಸಿ ಪ್ಲೇಫೀಲ್ಡಿನ ಮೇಲೇ ನಿಂತಂತೆ ಕಾಣುತ್ತಿತ್ತು. ಕಣ್ಣು ಪರದೆಗೆ ಬರುವುದಿಲ್ಲ ಎಂದಾದರೆ ಚಿತ್ರವನ್ನೇ ಕಣ್ಣಿನ ಬಳಿ ಒಯ್ಯುವ ಜಾಣತನ ಅದು. ಅಂಥ ಎರಡೇ ಯಂತ್ರಗಳು ಬಂದವು, ಅದೇ ವರ್ಷ ಕಂಪನಿ ಪಿನ್‌ಬಾಲ್ ವಿಭಾಗವನ್ನೇ ಮುಚ್ಚಿತು. ನಮಗೆ ಮನೆಯಲ್ಲಿ ಅಷ್ಟು ಸಾಹಸ ಬೇಡ. ಫ್ಲಿಪ್ಪರ್‌ಗಳ ಕೆಳಗಿನ ಏಪ್ರನ್ ಹಲಗೆಯಲ್ಲಿ ಒಂದು 5 ಇಂಚಿನ ಪರದೆ ಕೂರಿಸಿ ಮಟ್ಟ ತೋರಿಸಿದರೆ ಅರ್ಧ ಕೆಲಸ ಆಗುತ್ತದೆ.

ನಿಮ್ಮ ಅಷ್ಟೂ ವಿಡಿಯೊಗಳು ವ್ಯರ್ಥ ಎಂದು ಬೇಜಾರು ಮಾಡಿಕೊಳ್ಳಬೇಡಿ. ಯಾರೂ ಆಡದಿರುವಾಗ ಯಂತ್ರ ಸುಮ್ಮನೆ ನಿಂತಿರುತ್ತದಲ್ಲ, ಆಗ ಪೂರ್ತಿ ಪರದೆಯಲ್ಲಿ, ಉದ್ದವಾಗಿ, ಸಂಗೀತ ಹಾಕಿ ಓಡಿಸಿ. ಹಾದಿಹೋಕರನ್ನು ಕರೆಯುವುದು ಅದೇ. ಸಂಗೀತ ಮಾತ್ರ ಸಿನಿಮಾ ಹಾಡು ಬೇಡ. ನಾಳೆ ಯಾವುದಾದರೂ ಜಾತ್ರೆಯಲ್ಲಿ ಕಾಸಿಗೆ ಆಡಿಸುತ್ತೀರಿ, ಹಕ್ಕಿನವರು ಕೇಳುತ್ತಾರೆ.

ಮುನಿರಾಬಾದ್ ಫಿಟ್ಟರ್:

ಅಕ್ಕಾ, ಪತ್ರಿಕೆಯ ಚೌಕದ ಮಾತು ಓದಿ ಎದ್ದು ಕೂತೆ. ಇಷ್ಟು ವರ್ಷ ಕಣ್ಣೆದುರಿಗೇ ಇತ್ತು. ಪಟ್ಟಿ ಈಗಾಗಲೇ ಮಾಡಿದೆ. ಅದರ ಬೆನ್ನಿಗೇ ಹೊಸ ತಕರಾರು: ಕನ್ನಡ ಅಕ್ಷರಗಳು ಒಡೆದು ಬರುತ್ತಿವೆ. ‘ಭರ್ತಿ’ಯ ಅರ್ಕಾವೊತ್ತು ಎಲ್ಲೋ, ತಿ ಎಲ್ಲೋ. ‘ಮಟ್ಟ’ದ ಒತ್ತು ಪಕ್ಕಕ್ಕೆ ಬಂದು ಕೂತಿದೆ. ವಿಡಿಯೊ ಕೂಡ ತಡೆತಡೆದು ಓಡುತ್ತದೆ. ಪೈ 5 ತಂದರೆ ಸರಿಹೋಗುತ್ತದೆಯೇ? ಇನ್ನೊಂದು, ಫ್ಲಿಪ್ಪರ್, ಬಂಪರ್‌ಗಳನ್ನು ನಡೆಸುವ ಕಾಯಿಲ್ ಹೊಡೆದಾಗ ಒಮ್ಮೊಮ್ಮೆ ಪರದೆ ಕಣ್ಣು ಮುಚ್ಚಿ ತೆರೆದಂತೆ ಆಗುತ್ತದೆ.

ಕೊಪ್ಪಳದ ಕಂಪ್ಯೂಟರ್ ಮೇಷ್ಟ್ರು:

ಅಕ್ಷರದ ವಿಷಯ ನಾನು ಹೇಳುತ್ತೇನೆ, ಕಾಯಿಲ್ ವಿಷಯ ಗಂಗಾವತಿಯವರಿಗೆ ಬಿಡುತ್ತೇನೆ.

ನಿಮ್ಮದು ಫ್ರೇಮ್‌ವರ್ಕಿನ ಹಳೆಯ ಆವೃತ್ತಿ ಇರಬೇಕು. ಪರದೆ, ಸದ್ದು ನೋಡಿಕೊಳ್ಳುವ ಅದರ ಹಳೆಯ ಮೀಡಿಯಾ ಕಂಟ್ರೋಲರ್ ಪೈಥಾನಿನ ಕಿವಿ (Kivy) ಲೈಬ್ರರಿಯ ಮೇಲೆ ನಿಂತಿದೆ. ಒತ್ತಕ್ಷರಗಳನ್ನು ಜೋಡಿಸುವ ಕೆಲಸ ಅಲ್ಲಿ ತಾನಾಗಿ ಆಗುತ್ತದೆ ಎಂಬ ಭರವಸೆ ಇಲ್ಲ. 0.80 ಆವೃತ್ತಿಯಿಂದ ಗೊಡೊ ಎಂಬ ಗೇಮ್ ಎಂಜಿನ್ ಬಳಸುವ ಹೊಸ ಕಂಟ್ರೋಲರ್ ಬಂದಿದೆ. ಗೊಡೊ 4ರಲ್ಲಿ ಅಕ್ಷರ ಜೋಡಿಸುವ ಹಾರ್ಫ್‌ಬಜ್ ಇರುವುದರಿಂದ ಕನ್ನಡ ಸರಿಯಾಗಿ ಕೂಡಿಕೊಂಡು ಬರುತ್ತದೆ. ಪೈ 4ರಲ್ಲಿ ಓಡಿಸುವಾಗ ಕಂಪ್ಯಾಟಿಬಿಲಿಟಿ ರೆಂಡರರ್ ಆರಿಸಿಕೊಳ್ಳಿ. ಈಗಲೇ ಎಲ್ಲವನ್ನೂ ಬದಲಿಸಲು ಮನಸ್ಸಿಲ್ಲದಿದ್ದರೆ ಸುಲಭದ ದಾರಿ ಇದೆ: ಬದಲಾಗದ ಪದಗಳನ್ನೆಲ್ಲ ಬೇರೆ ಕಂಪ್ಯೂಟರಿನಲ್ಲಿ ಚಿತ್ರ ಮಾಡಿ, ಹಿನ್ನೆಲೆಯಿಲ್ಲದ ಪಿಎನ್‌ಜಿಯಾಗಿ ಉಳಿಸಿ ತಂದು ಇಡಿ. ಆಟದಲ್ಲಿ ಬದಲಾಗುವುದು ಅಂಕಿಗಳು ಮಾತ್ರ, ಅಂಕಿಗಳಿಗೆ ಒತ್ತಿಲ್ಲ. ರಾಯಚೂರಿನವರ ಚುಕ್ಕಿ ಪರದೆಗೂ ಇದೇ ಉಪಾಯ.

ಪದಗಳಿಗೆ ನೋಟೊ ಸಾನ್ಸ್ ಕನ್ನಡದ ದಪ್ಪ ರೂಪ ಅಥವಾ ಬಾಲೂ ತಮ್ಮ 2 ಹಾಕಿ, ದೂರದಿಂದ ಓದಲು ಬರುತ್ತದೆ. ತೆಳು ಅಕ್ಷರ ಬೇಡ. ಅಕ್ಷರದ ಕೆಳಗೆ ಒತ್ತಿಗೂ ಮೇಲೆ ಗುಡಿಸಿಗೂ ಜಾಗ ಬಿಡಲೇಬೇಕು, ಇಂಗ್ಲಿಷಿಗೆ ಸಾಕಾಗುವ ಪಟ್ಟಿ ನಮಗೆ ಸಾಲದು. 32 ಸಾಲಿನ ಚುಕ್ಕಿ ಪರದೆಯಲ್ಲಿ ಕನ್ನಡದ ಎರಡು ಸಾಲು ಬರೆಯಲು ಹೋದರೆ ಒತ್ತುಗಳು ಮೇಣದ ಹಾಗೆ ಅಂಟಿಕೊಳ್ಳುತ್ತವೆ. ಒಂದೇ ಸಾಲು ಬರೆಯಿರಿ, ಒತ್ತಿಲ್ಲದ ಪದ ಸಿಕ್ಕರೆ ಅದನ್ನೇ ಆರಿಸಿ. ಅಂಕಿಗಳೆಲ್ಲ ಒಂದೇ ಅಗಲದವಾಗಿರಬೇಕು, ಇಲ್ಲದಿದ್ದರೆ 1 ಬಂದಾಗ ಸಾಲು ಕುಗ್ಗಿ 8 ಬಂದಾಗ ಹಿಗ್ಗಿ ಸ್ಕೋರ್ ನಡುಗಿದಂತೆ ಕಾಣುತ್ತದೆ. ಅಲ್ಪವಿರಾಮ ನಮ್ಮ ಲೆಕ್ಕದಲ್ಲಿ ಹಾಕಿ: 12,50,000. ಮೂರು ಮೂರಕ್ಕೆ ಹಾಕಿದರೆ ನಮ್ಮ ಹುಡುಗರು ಹನ್ನೆರಡೂವರೆ ಲಕ್ಷ ಎಂದು ಓದುವಷ್ಟರಲ್ಲಿ ಗುಂಡು ಹೋಗಿರುತ್ತದೆ.

ಪೈ 5ಕ್ಕೆ ಆತುರಪಡಬೇಡಿ. ಪೈ 4ರ ಚಿಪ್ಪಿನಲ್ಲಿ ಎಚ್.264 ವಿಡಿಯೊ ಬಿಡಿಸುವ ಪ್ರತ್ಯೇಕ ಭಾಗ ಇದೆ, ಪೈ 5ರಲ್ಲಿ ಅದನ್ನು ತೆಗೆದುಹಾಕಿದ್ದಾರೆ. ಅಲ್ಲಿ ಆ ಕೆಲಸವನ್ನು ಪ್ರೊಸೆಸರೇ ಮಾಡಬೇಕು. ಅದರ ಪ್ರೊಸೆಸರ್ ಬಲವಾದದ್ದು, ನಿಭಾಯಿಸುತ್ತದೆ, ಆದರೂ ನಿಮ್ಮ ತೊಂದರೆಯ ಮೂಲ ಅದಲ್ಲ. ಮೊಬೈಲ್ ವಿಡಿಯೊವನ್ನು ಹಾಗೇ ಹಾಕಿದ್ದೀರಿ ಎನಿಸುತ್ತದೆ. 1280ಕ್ಕೆ 720, ಸೆಕೆಂಡಿಗೆ 30 ಚಿತ್ರ, ಇಷ್ಟಕ್ಕೆ ಇಳಿಸಿ. ಅಕ್ಕ ಹೇಳಿದ ಪಟ್ಟಿ ಬಿಟ್ಟರೆ ವಿಡಿಯೊದ ಎತ್ತರ ಇನ್ನೂ ಕಡಿಮೆ ಸಾಕು. ಗೊಡೊಗೆ ಹೋದರೆ ನೆನಪಿಡಿ, ಅದು ತಾನಾಗಿ ಓಡಿಸುವುದು ಆಗ್ ಥಿಯೋರಾ ವಿಡಿಯೊ ಮಾತ್ರ, ಎಲ್ಲವನ್ನೂ ಆ ರೂಪಕ್ಕೆ ಪರಿವರ್ತಿಸಬೇಕಾಗುತ್ತದೆ.

ವಿಡಿಯೊವೇ ಬೇಡ, ಬೇರೆ ಏನಾದರೂ ಬೇಕು ಎನ್ನುವವರಿಗೆ ನಮ್ಮ ಜಿಲ್ಲೆಯಲ್ಲೇ ದಾರಿ ಇದೆ. ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ತೊಗಲು ಬೊಂಬೆಯಾಟಕ್ಕೆ. ಹಿಂದಿನಿಂದ ಬೆಳಕು ಬಿದ್ದ ತೊಗಲು ಬೊಂಬೆ, ಸುತ್ತ ಕತ್ತಲು: ಗಾಜಿನ ಮೇಲೆ ಬೆಳಕು ಚೆಲ್ಲದ ಚಿತ್ರ ಬೇಕೆಂದರೆ ಇದಕ್ಕಿಂತ ಒಳ್ಳೆಯದು ಸಿಗದು. ಕಲಾವಿದರನ್ನು ಕೇಳಿ, ಅವರ ಕೂಲಿ ಕೊಟ್ಟು, ಬಿಡಿಬಿಡಿ ಚಲನೆಗಳನ್ನು ಚಿತ್ರೀಕರಿಸಿಕೊಳ್ಳಬಹುದು.

ಗಂಗಾವತಿ ಕಾಯಿಲ್:

ರೈಸ್‌ಮಿಲ್ಲುಗಳ ಮೋಟರ್ ಕೆಲಸ ನನ್ನದು, ಕಣ್ಣು ಮಿಟುಕಿಸುವ ಪರದೆಗೆ ಚಿಕ್ಕ ಉತ್ತರ. ಕಾಯಿಲಿಗೆ ಕರೆಂಟ್ ಕಡಿತವಾದ ಕೂಡಲೇ ಅದು ಎದುರು ದಿಕ್ಕಿನ ದೊಡ್ಡ ವೋಲ್ಟೇಜ್ ಎಬ್ಬಿಸುತ್ತದೆ. ಪ್ರತಿ ಕಾಯಿಲಿಗೂ 1ಎನ್4007 ಡಯೋಡ್ ಇದೆಯೇ, ಅದರ ಬಿಳಿ ಪಟ್ಟಿಯ ತುದಿ ಪಾಸಿಟಿವ್ ಕಡೆಗಿದೆಯೇ ನೋಡಿ. 48 ವೋಲ್ಟಿನ ಸಪ್ಲೈ ಬೇರೆ, ಪೈ ಸಪ್ಲೈ ಬೇರೆ ಇರಲಿ. ಎರಡರ ನೆಗೆಟಿವ್ ಒಂದೇ ಒಂದು ಜಾಗದಲ್ಲಿ ಸೇರಲಿ. ಎಚ್‌ಡಿಎಂಐ ಕೇಬಲನ್ನು ಕಾಯಿಲ್ ವೈರುಗಳ ಜೊತೆ ಕಟ್ಟಿದ್ದರೆ ಈಗಲೇ ಬಿಚ್ಚಿ ಇನ್ನೊಂದು ಮೂಲೆಯಿಂದ ಎಳೆಯಿರಿ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ನಮ್ಮ ಕಡೆ ಕರೆಂಟ್ ಹೇಳದೆ ಹೋಗುತ್ತದೆ. ಹಾಗೆ ಹೋದಾಗ ಪೈ ಮೆಮೊರಿ ಕಾರ್ಡ್ ಕೆಡುವುದು ಮಾಮೂಲು. ಅದರ ಸೆಟ್ಟಿಂಗಿನಲ್ಲಿ ಓವರ್‌ಲೇ ಫೈಲ್ ಸಿಸ್ಟಂ ಎಂಬುದು ಇದೆ, ಚಾಲೂ ಮಾಡಿದರೆ ಕಾರ್ಡಿನ ಮೇಲೆ ಏನೂ ಬರೆಯುವುದಿಲ್ಲ. ಹೆಚ್ಚಿನ ಸ್ಕೋರುಗಳೂ ಅಳಿಸಿಹೋಗುತ್ತವೆ ಎಂಬುದು ಅದರ ಬೆಲೆ, ಆದ್ದರಿಂದ ಅವುಗಳನ್ನು ಮಾತ್ರ ಒಂದು ಪೆನ್‌ಡ್ರೈವಿಗೆ ಬರೆಸಿ. ಓಣಿಯ ಹುಡುಗನ ದಾಖಲೆ ಅಳಿಸಿದರೆ ಆಮೇಲೆ ನಿಮಗೆ ನೆಮ್ಮದಿ ಇರುವುದಿಲ್ಲ.

ಮುನಿರಾಬಾದ್ ಫಿಟ್ಟರ್:

ಎರಡು ಡಯೋಡ್ ಇರಲೇ ಇಲ್ಲ. ಈಗ ಪರದೆ ಮಿಟುಕುತ್ತಿಲ್ಲ, ಗಂಗಾವತಿಯವರಿಗೆ ಋಣಿ.

ಅಕ್ಕ ಹೇಳಿದ ಕಣ್ಣಿನ ಪರೀಕ್ಷೆ ಮಾಡಿದೆ. ಗುಣಿ, ಪ್ಲಂಜರ್ ಎರಡೂ ಅವರು ಹೇಳಿದಂತೆಯೇ. ಆದರೆ ಒಂದು ಬೇರೆ ವಿಷಯ ಕಂಡಿತು. ಮಟ್ಟ 1,630 ದಾಟಿದ ಮೇಲೆ ಹುಡುಗರು ಪರದೆಗಿಂತ ಗೇಟಿನ ದೀಪಗಳನ್ನೇ ನೋಡುತ್ತಾರೆ. ಅಂದರೆ ಮಟ್ಟವನ್ನು ದೀಪಗಳಲ್ಲೇ ತೋರಿಸಿಬಿಡಬಹುದೇ? ಹಾಗಾದರೆ ಪರದೆಗೆ ಉಳಿಯುವ ಕೆಲಸ ಏನು? ಜೊತೆಗೆ 19ನೇ ಗೇಟಿಗೆ ಒಂದು ವಿಶೇಷ ಆಟ ಮಾಡಬೇಕೆಂದಿದೆ. 2024ರ ಆಗಸ್ಟ್ 10ರ ರಾತ್ರಿ ಆ ಗೇಟಿನ ಚೈನ್ ತುಂಡಾದಾಗ ನಾವೆಲ್ಲ ನಿದ್ದೆಗೆಟ್ಟವರು, ಅದನ್ನು ಬಿಟ್ಟು ಈ ಯಂತ್ರ ಮುಗಿಯಿತು ಎನ್ನಲಾರೆ.

ಬಳ್ಳಾರಿ ಎಲ್‌ಇಡಿ ಅಕ್ಕ:

ದೀಪಗಳಲ್ಲೇ ತೋರಿಸಿ, ಧಾರಾಳವಾಗಿ. ಪಟ್ಟಿಯಲ್ಲಿನ ಸಂಖ್ಯೆಯೂ ಇರಲಿ, ಎರಡು ಕಡೆ ಇದ್ದರೆ ನಷ್ಟವಿಲ್ಲ. ಹುಡುಗರು ನಿಮಗೆ ದಾರಿ ತೋರಿಸಿದ್ದಾರೆ.

19ನೇ ಗೇಟು ಪರದೆಗೇ ಹೇಳಿ ಮಾಡಿಸಿದ ವಿಷಯ, ಯಾಕೆಂದರೆ ಅಲ್ಲಿ ಎಲ್ಲವೂ ತಿರುಗುಮುರುಗು. ಅಲ್ಲಿಯವರೆಗೆ ಏರಬೇಕಾಗಿದ್ದ ಮಟ್ಟ ಈಗ ತಾನಾಗಿ ಇಳಿಯುತ್ತಿರುತ್ತದೆ, ಅದನ್ನು ತಡೆಯಬೇಕು. ನಡೆದದ್ದನ್ನೇ ನಿಯಮ ಮಾಡಿಕೊಳ್ಳಿ. ಚೈನ್ ತುಂಡಾದ ಮೇಲೆ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದರು, ನೀರು ಹರಿಯುತ್ತಿರುವಾಗಲೇ ಸ್ಟಾಪ್ ಲಾಗ್ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಮುಚ್ಚಿದರು. ಹಾಗೆಯೇ 33 ದೀಪಗಳೂ ಹೊತ್ತಿಕೊಳ್ಳಲಿ, 19ನೆಯದು ಮಾತ್ರ ಕೆಂಪಾಗಿ ಮಿಟುಕಲಿ. ಗುಣಿಗೆ ಗುಂಡು ಹಾಕಿದಾಗಲೆಲ್ಲ ಪರದೆಯಲ್ಲಿ ಒಂದು ತುಂಡು ಇಳಿಯಲಿ. ಆಗ ಪ್ರತಿ ಸಲವೂ ಗುಂಡು ನಿಮ್ಮ ಕೈಯಲ್ಲಿರುತ್ತದೆ, ಎರಡು ಸೆಕೆಂಡ್ ಸಿಗುತ್ತದೆ. ಚೈನ್ ತುಂಡಾಗುವ ದೃಶ್ಯಕ್ಕೆ ವಿಡಿಯೊ ಬೇಡ. ಪರದೆಯನ್ನು ಪೂರ್ತಿ ಕಪ್ಪು ಮಾಡಿ, ಸದ್ದು ಮಾತ್ರ ಕೊಡಿ. ಎರಡೂ ಫ್ಲಿಪ್ಪರ್ ಒತ್ತಿದರೂ ಅದೊಂದನ್ನು ಹಾರಿಸಲು ಬಿಡಬೇಡಿ.

ಇಳಿಯುವ ಮಟ್ಟದ ವೇಗವನ್ನು ಮಾತ್ರ ಈಗಲೇ ಖಾಯಂ ಮಾಡಬೇಡಿ. ಮೊದಲು ನಿಧಾನವಾಗಿಟ್ಟು ಹುಡುಗರಿಗೆ ಆಡಲು ಕೊಡಿ, ಗೆಲ್ಲುವುದು ತೀರಾ ಸುಲಭವಾಯಿತು ಎಂದು ಅವರೇ ಹೇಳಿದ ಮೇಲೆ ಏರಿಸಿ. ಪಿ2.5 ಪ್ಯಾನೆಲ್ ತರುವುದಾದರೆ ಎರಡನ್ನೂ ಒಂದೇ ಅಂಗಡಿಯಲ್ಲಿ, ಒಂದೇ ಸಲಕ್ಕೆ ತನ್ನಿ. ಬೇರೆ ಬೇರೆ ಸಲ ತಂದವುಗಳ ಬಣ್ಣ ಪಕ್ಕಪಕ್ಕ ಇಟ್ಟಾಗ ಹೊಂದುವುದಿಲ್ಲ.